ಚದುರಂಗದ ಯಂತ್ರವೂ ನಮ್ಮ ಮಾಸ್ತರರೂ

(ಪುಣೆಯ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಹಗಲೆಲ್ಲ ಬ್ಯಾಂಕಿನ ಗಾಜಿನ ಕಿಂಡಿಯ ಹಿಂದೆ ಕುಳಿತು ಪರರ ಹಣ ಎಣಿಸುವವರಿಗೆ ‘ಪಾಸ್‌ಬುಕ್ ತಂದಿದ್ದೀರಾ?’ ಎಂಬುದಕ್ಕಿಂತ ಉದ್ದವಾದ ವಾಕ್ಯದ ರೂಢಿ ಇರುವುದಿಲ್ಲ. ಆದರೂ ಕಾರ್ಯದರ್ಶಿಗಳ ಅಪ್ಪಣೆಯಾಗಿದೆ: ಎರಡು ವರ್ಷ ಸಂಘದ ಗಣಕಯಂತ್ರದ ಮುಂದೆ ರಾತ್ರಿ ಹತ್ತರವರೆಗೆ ಕುಳಿತು ವಿದ್ಯುತ್ತನ್ನು ಉರಿಸಿದವರು ಅದರ ಲೆಕ್ಕ ಒಪ್ಪಿಸಬೇಕು ಎಂದು. ನ್ಯಾಯವಾದ ಮಾತು. ಲೆಕ್ಕ ಒಪ್ಪಿಸುವುದೆಂದರೆ ನಮಗೆ ಅಭ್ಯಾಸವುಂಟು; ಆದುದರಿಂದ ಧೈರ್ಯಮಾಡಿ ನಿಂತಿದ್ದೇವೆ.

ನಾವು ಎಂದರೆ ಮೂವರು. ಒಬ್ಬರು ಕಾರ್ಖಾನೆಯಲ್ಲಿ ನಕಾಶೆ ಬರೆಯುವವರು, ಮೈಸೂರಿನ ಕಡೆಯವರು. ಇನ್ನೊಬ್ಬರು ಔಷಧದ ಅಂಗಡಿಯವರು, ವಿಜಾಪುರದವರು. ಮೂರನೆಯವರು ತಮ್ಮ ಮುಂದೆ ನಿಂತಿರುವ ಬಿ.ಕಾಂ. ಗುಮಾಸ್ತರು. ಮೂವರಲ್ಲಿ ಒಬ್ಬರೂ ಗಣಕಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವರಲ್ಲ. ಕೆಲವರು ವೀಣೆ ಕಲಿಯುತ್ತಾರೆ, ಕೆಲವರು ಕೈತೋಟ ಮಾಡುತ್ತಾರೆ; ನಾವು ಪೈಥಾನ್ ಎಂಬ ಗಣಕಭಾಷೆಯನ್ನು ಕಲಿತೆವು. ಹವ್ಯಾಸಕ್ಕೆ ಕಾರಣ ಕೇಳಬಾರದು.

ಮೊದಲು ಕೈಹಾಕಿದ್ದು ಚದುರಂಗಕ್ಕಲ್ಲ, ಸಂಘದ ಚಂದಾ ಪುಸ್ತಕಕ್ಕೆ. ಸದಸ್ಯರ ಹೆಸರು ಒತ್ತಿದರೆ ಯಾವ ವರ್ಷದ ಚಂದಾ ಬಾಕಿ ಎಂದು ಹೇಳುವ ಒಂದು ಸಣ್ಣ ಪ್ರೋಗ್ರಾಮು ಬರೆದೆವು. ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ಆದ ಕಾರಣ ಅನೇಕರಿಗೆ ಅದು ಇಷ್ಟವಾಗಲಿಲ್ಲ. ಆಮೇಲೆ ರಸೀತಿ ಬರೆಯುವುದೊಂದು, ವಾಚನಾಲಯದ ಪುಸ್ತಕಗಳ ಪಟ್ಟಿಯದೊಂದು ಮಾಡಿದೆವು. ಅಷ್ಟಕ್ಕೇ ನಿಲ್ಲುತ್ತಿದ್ದೆವೋ ಏನೋ. ನಿಲ್ಲಿಸದೆ ಮುಂದಕ್ಕೆ ತಳ್ಳಿದವರು ನಮ್ಮ ಮಾಸ್ತರರು.

ವಾಚನಾಲಯದ ಕಿಟಕಿಯ ಬಳಿ ದಿನವೂ ಸಂಜೆ ಐದರಿಂದ ಏಳರವರೆಗೆ ಇಬ್ಬರು ಹಿರಿಯರು ಚದುರಂಗ ಆಡುತ್ತಿದ್ದುದನ್ನು ತಾವೆಲ್ಲರೂ ಬಲ್ಲಿರಿ. ೨೦೨೧ರಲ್ಲಿ ಒಬ್ಬರು ತೀರಿಕೊಂಡರು. ಉಳಿದವರು ಧಾರವಾಡದ ಮಾಸ್ತರರು. ಅವರು ಬರುವುದನ್ನು ಬಿಡಲಿಲ್ಲ. ಹಲಗೆ ಹರಡಿ, ಎರಡೂ ಕಡೆಯ ಕಾಯಿ ಜೋಡಿಸಿ, ಎರಡೂ ಕಡೆಯ ಆಟವನ್ನು ತಾವೇ ಆಡುತ್ತಿದ್ದರು. ಎದುರು ಕಡೆಯ ಸರದಿ ಬಂದಾಗ ಹಲಗೆಯನ್ನು ತಿರುಗಿಸುತ್ತಿರಲಿಲ್ಲ. ತಾವೇ ಎದ್ದುಹೋಗಿ ಆ ಕುರ್ಚಿಯಲ್ಲಿ ಕೂಡುತ್ತಿದ್ದರು. ನಾವು ಆಗೊಮ್ಮೆ ಈಗೊಮ್ಮೆ ಎದುರು ಕುಳಿತರೆ ಹದಿನೈದು ನಡೆಗಳಲ್ಲಿ ಸೋತು ಏಳುತ್ತಿದ್ದೆವು. ಅವರಿಗೆ ಬೇಸರ, ನಮಗೆ ನಾಚಿಕೆ.

ಅಷ್ಟರಲ್ಲಿ ನಕಾಶೆಯ ಮಿತ್ರರು ತಮ್ಮ ಫೋನಿನಲ್ಲಿದ್ದ ಚದುರಂಗವನ್ನು ಅವರ ಕೈಗೆ ಕೊಟ್ಟರು. ಎರಡು ದಿನ ಆಡಿ ಹಿಂದಕ್ಕೆ ಕೊಟ್ಟು ಹೇಳಿದರು: “ಇದು ಪ್ರತಿ ಸಲ ಗೆಲ್ತದ. ಅಕ್ಷರ ಇಂಗ್ಲೀಷು, ಅವೂ ಇರುವಿ ಗಾತ್ರ. ನಿಮ್ಮ ಹಂಗ ಸ್ವಲ್ಪ ತಪ್ಪು ಮಾಡೂ ಯಂತ್ರ ಒಂದು ಮಾಡ್ರೆಪಾ.”

ಮಾಡುತ್ತೇವೆ ಎಂದುಬಿಟ್ಟೆವು. ಗೊತ್ತಿಲ್ಲದವರ ಧೈರ್ಯಕ್ಕೆ ಮಿತಿಯಿಲ್ಲವಷ್ಟೆ.

ನಮಗಿಂತ ಮೊದಲು ಈ ದಾರಿಯಲ್ಲಿ ನಡೆದ ದೊಡ್ಡವರ ಸ್ಮರಣೆ ಮಾಡುವುದು ಧರ್ಮ. ಯಂತ್ರಕ್ಕೆ ಚದುರಂಗ ಕಲಿಸುವ ಬಗೆಯನ್ನು ಅಮೆರಿಕದ ಕ್ಲಾಡ್ ಶ್ಯಾನನ್ನರು ೧೯೫೦ರಲ್ಲಿ ಲೇಖನವಾಗಿ ಪ್ರಕಟಿಸಿದರು. ಇಂಗ್ಲೆಂಡಿನ ಅಲನ್ ಟ್ಯೂರಿಂಗರು ಇಂಥದೇ ಒಂದು ವಿಧಿಯನ್ನು ಬರೆದರು. ಅದನ್ನು ನಡೆಸಬಲ್ಲ ಯಂತ್ರ ದೊರೆಯದೆ, ೧೯೫೨ರಲ್ಲಿ ತಾವೇ ಯಂತ್ರವಾಗಿ, ಕಾಗದದ ಮೇಲೆ ಲೆಕ್ಕ ಹಾಕಿ ಗೆಳೆಯರೊಬ್ಬರೊಡನೆ ಆಡಿದರು. ಆ ಆಟದಲ್ಲಿ ಕಾಗದದ ಯಂತ್ರವೇ ಸೋತಿತು. ೧೯೭೬ರಲ್ಲಿ ಪೀಟರ್ ಜೆನ್ನಿಂಗ್ಸ್ ಎಂಬವರು ಸುಮಾರು ಒಂದು ಕಿಲೋಬೈಟಿನಷ್ಟು ಸ್ಮೃತಿಯಲ್ಲಿ ಚದುರಂಗ ಆಡುವ ಪ್ರೋಗ್ರಾಮನ್ನು ಅಡಗಿಸಿದರು. ಒಂದು ಕಿಲೋಬೈಟೆಂದರೆ ಇಂಗ್ಲಿಷಿನಲ್ಲಿ ಸಾವಿರ ಚಿಲ್ಲರೆ ಅಕ್ಷರಗಳ ಒಂದು ಕಾಗದ. ೧೯೯೭ರ ಮೇ ತಿಂಗಳಲ್ಲಿ ಐಬಿಎಮ್ಮಿನ ಡೀಪ್ ಬ್ಲೂ ಯಂತ್ರವು ವಿಶ್ವವಿಜೇತ ಕಾಸ್ಪರೋವರನ್ನು ಮೂರೂವರೆ–ಎರಡೂವರೆಯಿಂದ ಸೋಲಿಸಿತು. ಇಂದು ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮು ಯಾರಿಗಾದರೂ ಪುಕ್ಕಟೆ ದೊರೆಯುತ್ತದೆ. ಭೂಮಿಯ ಮೇಲಿನ ಯಾವ ಮನುಷ್ಯನಿಗೂ ಅದು ಸೋಲುವ ಮಾತಿಲ್ಲ. ಆದರೆ ಮಾಸ್ತರರಿಗೆ ಬೇಕಾದುದು ವಿಶ್ವವಿಜೇತನಲ್ಲ, ಸಂಜೆಯ ಜೊತೆಗಾರ.

ಯಂತ್ರಕ್ಕೆ ಕಲಿಸಬೇಕಾದುದು ಮೂರೇ ಪಾಠ. ಮೊದಲನೆಯದು, ಯಾವ ಕಾಯಿ ಎಲ್ಲಿಗೆ ಹೋಗಬಹುದು ಎಂಬುದು. ಎರಡನೆಯದು, ತೂಕ: ಕಾಲಾಳಿಗೆ ಒಂದು, ಕುದುರೆಗೂ ಒಂಟೆಗೂ ಮೂರು ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು. ಶ್ಯಾನನ್ನರು ಇಟ್ಟ ಬೆಲೆಗಳೂ ಇವೇ. ಮೂರನೆಯದು ಮುಂದಾಲೋಚನೆ: ನಾನು ಹೀಗೆ ಆಡಿದರೆ ಅವನು ಹೇಗೆ ಆಡಿಯಾನು, ಆಗ ನಾನೇನು ಮಾಡಲಿ, ಎಂದು.

ಈ ಮೂರನೆಯ ಪಾಠದಲ್ಲಿ ಒಂದು ಜಾಣತನವುಂಟು. ಅದನ್ನು ಬಾಡಿಗೆ ಮನೆ ಹುಡುಕಿದ ತಮಗೆಲ್ಲ ಬೇಗನೆ ವಿವರಿಸಬಹುದು. ಕೈಯಲ್ಲಿ ಒಪ್ಪತಕ್ಕ ಮನೆಯೊಂದು ಆಗಲೇ ಇದೆ. ಎರಡನೆಯ ಮನೆ ನೋಡಲು ಹೋಗುತ್ತೀರಿ. ಬಾಗಿಲಲ್ಲೇ ನೆರೆಯವರು ‘ಇಲ್ಲಿ ನೀರು ಬರುವುದಿಲ್ಲ’ ಎನ್ನುತ್ತಾರೆ. ಆಮೇಲೆ ಅಡಿಗೆಮನೆ ಎಷ್ಟು ಉದ್ದ, ಗಾಳಿ ಹೇಗೆ ಎಂದು ನೋಡುತ್ತ ನಿಲ್ಲುತ್ತೀರೇನು? ಅಲ್ಲಿಂದಲೇ ಹಿಂತಿರುಗುತ್ತೀರಿ. ಯಂತ್ರವೂ ಹಾಗೆಯೇ. ಒಂದು ನಡೆಗೆ ಎದುರಾಳಿಯ ಕೈಯಲ್ಲಿ ಕೆಟ್ಟ ಉತ್ತರವೊಂದು ಇದೆಯೆಂದು ತಿಳಿದೊಡನೆ, ಉಳಿದ ಉತ್ತರಗಳನ್ನು ನೋಡದೆ ಆ ನಡೆಯನ್ನೇ ಕೈಬಿಡುತ್ತದೆ. ಇದಕ್ಕೆ ಆಲ್ಫಾ–ಬೀಟಾ ಎಂದು ಹೆಸರು. ಇದನ್ನು ಸೇರಿಸಿದ ದಿನ, ಎರಡು ನಡೆ ಮುಂದೆ ನೋಡಲು ತೇಕುತ್ತಿದ್ದ ನಮ್ಮ ಯಂತ್ರ ನಾಲ್ಕು ನಡೆ ಮುಂದೆ ನೋಡತೊಡಗಿತು.

ಆದರೆ ನಮ್ಮ ಮಾನ ಹೋಗುವಷ್ಟು ಕಾಡಿದ್ದು ಮೊದಲನೆಯ ಪಾಠವೇ. ಯಂತ್ರಕ್ಕೆ ನಿಯಮಗಳು ಸರಿಯಾಗಿ ತಿಳಿದಿವೆಯೆಂದು ಪರೀಕ್ಷಿಸಲು ಒಂದು ಎಣಿಕೆಯ ಪದ್ಧತಿ ಇದೆ. ಆಟದ ಆರಂಭದಲ್ಲಿ ಬಿಳಿಯವನಿಗೆ ೨೦ ನಡೆಗಳು: ಕಾಲಾಳುಗಳವು ಹದಿನಾರು, ಕುದುರೆಗಳವು ನಾಲ್ಕು. ಕರಿಯವನ ಉತ್ತರವನ್ನೂ ಸೇರಿಸಿದರೆ ೪೦೦ ದಾರಿಗಳು. ಮೂರನೆಯ ನಡೆಗೆ ೮,೯೦೨. ನಾಲ್ಕನೆಯದಕ್ಕೆ ೧,೯೭,೨೮೧. ಐದನೆಯದಕ್ಕೆ ೪೮,೬೫,೬೦೯. ಈ ಸಂಖ್ಯೆಗಳು ಲೋಕಕ್ಕೆಲ್ಲ ಒಂದೇ. ನಿಮ್ಮ ಯಂತ್ರದ ಎಣಿಕೆ ಇದಕ್ಕೆ ತಾಳೆಯಾಗಬೇಕು. ನೋಡಿ, ಬ್ಯಾಂಕಿನ ಗುಮಾಸ್ತನಿಗೆ ಇದಕ್ಕಿಂತ ಪರಿಚಿತವಾದ ಕೆಲಸ ಇನ್ನೊಂದಿಲ್ಲ!

ನಾಲ್ಕು ಹಂತಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಾಳೆಯಾದುವು. ಐದನೆಯ ಹಂತಕ್ಕೆ ಹಚ್ಚಿ, ಚಹಾ ಕುಡಿದು ಬಂದು ನೋಡಿದರೆ ೪೮,೬೫,೩೫೧. ಕೊರತೆ ೨೫೮. ಲೆಕ್ಕ ತಾಳೆಯಾಗದಿದ್ದಾಗ ನಮ್ಮಲ್ಲಿ ಎರಡು ಹಳೆಯ ಸೂತ್ರಗಳಿವೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿದೆಯೇ ನೋಡು. ಎರಡರಿಂದ ಭಾಗವಾದರೆ ಅದರ ಅರ್ಧದ ಮೊತ್ತ ಜಮೆಗೆ ಬದಲು ಖರ್ಚಿಗೆ ಬಿದ್ದಿದೆಯೇ ನೋಡು. ೨೫೮ ಒಂಬತ್ತರಿಂದ ಭಾಗವಾಗುವುದಿಲ್ಲ. ಅರ್ಧ ೧೨೯. ಮೂರು ರಾತ್ರಿ ಆ ೧೨೯ನ್ನು ಹುಡುಕಿದೆವು. ಚದುರಂಗದಲ್ಲಿ ಜಮಾಖರ್ಚು ಇಲ್ಲವೆಂಬುದು ಮೂರನೆಯ ರಾತ್ರಿ ಹೊಳೆಯಿತು.

ಕಡೆಗೆ ಗುಟ್ಟು ಬಯಲಾದುದು ಮಾಸ್ತರರ ಮಾತಿನಿಂದ. ನಾವು ಮೂವರೂ ಮನೆಯ ಅಜ್ಜಂದಿರಿಂದ ಕಲಿತದ್ದು ನಮ್ಮ ನಾಡಿನ ಹಳೆಯ ಆಟ. ಅದರಲ್ಲಿ ಕಾಲಾಳಿಗೆ ಒಂದೇ ಹೆಜ್ಜೆ. ಅಂತಾರಾಷ್ಟ್ರೀಯ ಆಟದಲ್ಲಿ ಮೊದಲ ನಡೆಗೆ ಎರಡು ಹೆಜ್ಜೆ ಇಡಬಹುದೆಂದು ತಿಳಿದಿತ್ತು, ಯಂತ್ರಕ್ಕೂ ಹೇಳಿದ್ದೆವು. ಮಾಸ್ತರರು ಕೇಳಿದರು: “ಎರಡು ಹೆಜ್ಜಿ ಹಾರಿ ಪಕ್ಕದಾಗ ಬಂದು ನಿಂತವನ್ನ, ಒಂದೇ ಹೆಜ್ಜಿ ಇಟ್ಟಾನ ಅಂತ ತಿಳಕೊಂಡು ಹೊಡೀಬಹುದು. ಅದನ್ನ ಹೇಳೀರಿಲ್ಲೋ?” ಹೇಳಿರಲಿಲ್ಲ. ಅಂಥ ನಿಯಮವೊಂದು ಉಂಟೆಂಬುದೇ ನಮಗೆ ತಿಳಿದಿರಲಿಲ್ಲ. ಆ ಹೊಡೆತಕ್ಕೆ ಮೊಟ್ಟಮೊದಲು ಎಡೆಯಾಗುವುದೇ ಐದನೆಯ ನಡೆಯಲ್ಲಿ. ಹಾಗೆ ಆಗುವುದು ಸರಿಯಾಗಿ ೨೫೮ ಸಲ. ಸೇರಿಸಿದೆವು. ತಾಳೆಯಾಯಿತು. ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿದಾಗಲೂ ನಮಗೆ ಅಂಥ ನಿದ್ದೆ ಬಂದಿರಲಿಲ್ಲ.

ಇಷ್ಟಾದ ಮೇಲೆ ಗರ್ವ ಬಾರದಿರುವುದು ಹೇಗೆ? ಯುಗಾದಿಯ ಸಮಾರಂಭದಲ್ಲಿ ಪ್ರದರ್ಶನ ಇಟ್ಟೆವು. ಎದುರಾಳಿ ಹನ್ನೊಂದು ವರ್ಷದ ಹುಡುಗ. ಅಂದು ನಡೆದುದನ್ನು ತಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಹುಡುಗ ತನ್ನ ಕುದುರೆಯಿಂದ ಯಂತ್ರದ ಮೂಲೆಯ ಆನೆಯನ್ನು ಹೊಡೆದಿದ್ದ. ನಾಲ್ಕು ನಡೆಗಳ ಮೇಲೆ ನಮ್ಮ ಯಂತ್ರವು ಅದೇ ಮೂಲೆಯ ಕಡೆ ಕೋಟೆ ಕಟ್ಟಿತು! ಸತ್ತ ಆನೆ ಎದ್ದು ಬಂದು ರಾಜನ ಪಕ್ಕದಲ್ಲಿ ನಿಂತಿತು. ಹುಡುಗ ಮರಾಠಿಯಲ್ಲಿ, “ಕಾಕಾ, ಹಾ ಹತ್ತೀ ಕುಠೂನ್ ಆಲಾ?” ಎಂದು ಕೂಗಿದ. ಆನೆ ಎಲ್ಲಿಂದ ಬಂತೆಂದು ಹೇಳಲು ಕಾಕಾಗಳ ಬಳಿ ಉತ್ತರವಿರಲಿಲ್ಲ. ಸಭೆಯೆಲ್ಲ ನಕ್ಕಿತು, ನಾವು ಹೋಳಿಗೆಯನ್ನೂ ತಿನ್ನದೆ ಮನೆಗೆ ಹೋದೆವು.

ಬಿ.ಕಾಂ. ಮೊದಲ ವರ್ಷದಲ್ಲೇ ಓದಿದ್ದ ಪಾಠವದು: ತಾಳೆಪಟ್ಟಿ ಕೂಡಿದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ, ತಾಳೆಪಟ್ಟಿಗೆ ಕಾಣದ ತಪ್ಪುಗಳೂ ಉಂಟು. ಆರಂಭದಿಂದ ಎಣಿಸಿದರೆ ಆರನೆಯ ಹಂತದವರೆಗೂ ಕೋಟೆ ಕಟ್ಟುವ ಪ್ರಸಂಗವೇ ಬರುವುದಿಲ್ಲ. ನಾವು ಐದಕ್ಕೇ ನಿಲ್ಲಿಸಿ ಬೀಗಿದ್ದೆವು. ಆಮೇಲೆ, ಎಲ್ಲ ತೊಡಕುಗಳನ್ನೂ ಬೇಕೆಂದೇ ಒಂದೆಡೆ ಸೇರಿಸಿದ ಪರೀಕ್ಷೆಯ ಸ್ಥಿತಿಯೊಂದನ್ನು ಹಿಡಿದೆವು. ಅದರಲ್ಲಿ ಮೊದಲ ನಡೆಗೆ ೪೮, ಎರಡಕ್ಕೆ ೨,೦೩೯, ಮೂರಕ್ಕೆ ೯೭,೮೬೨. ಇದಕ್ಕೆ ತಾಳೆಮಾಡಲು ಎರಡು ತಿಂಗಳು ಹಿಡಿಯಿತು. ಈಗ ಸತ್ತ ಆನೆ ಏಳುವುದಿಲ್ಲ.

ಆ ಹುಡುಗನ ಕೂಗಿನಲ್ಲಿ ಇನ್ನೊಂದು ಸಂಗತಿ ಇದ್ದಿತು. ಅವನು ‘ಹತ್ತೀ’ ಎಂದ, ಆನೆ ಎನ್ನಲಿಲ್ಲ. ನಮ್ಮ ಮಕ್ಕಳ ಬಾಯಲ್ಲಿ ಮಂತ್ರಿ ವಜೀರನಾಗಿದ್ದಾನೆ, ಕಾಲಾಳು ಪ್ಯಾದೆಯಾಗಿದ್ದಾನೆ. ಇದರಲ್ಲಿ ಮಕ್ಕಳ ತಪ್ಪಿಲ್ಲ; ಅನ್ನ ಕೊಟ್ಟ ಊರಿನ ಮಾತನ್ನು ಆಡುವುದು ತಪ್ಪೂ ಅಲ್ಲ. ಆದರೆ ಮಾಸ್ತರರ ಯಂತ್ರ ಮಾಸ್ತರರ ಮಾತನ್ನೇ ಆಡಬೇಕೆಂದು ನಾವು ಹಟ ಹಿಡಿದೆವು. ಅಲ್ಲಿಯೂ ವಿಘ್ನ. ಮೊದಲು ಉಪಯೋಗಿಸಿದ ಸಲಕರಣೆ ಸಂಘದ ಹಳೆಯ ಯಂತ್ರದ ಮೇಲೆ ಒತ್ತಕ್ಷರಗಳನ್ನು ಕೂಡಿಸುತ್ತಿರಲಿಲ್ಲ. ‘ಮಂತ್ರಿ’ಯ ರಕಾರ ಕೆಳಗಿಳಿಯದೆ ಪಕ್ಕದಲ್ಲಿ ಅನಾಥವಾಗಿ ನಿಲ್ಲುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ಥಾನವಿದೆ; ಆದರೆ ಅಕ್ಷರಕ್ಕೆ ಸ್ಥಾನ ಸಿಕ್ಕುವುದು ಬೇರೆ, ಅಕ್ಷರಗಳು ಕೂಡಿ ಬಾಳುವುದು ಬೇರೆ. ಕಡೆಗೆ ಕ್ಯೂಟಿ ಎಂಬ ಮತ್ತೊಂದು ಸಲಕರಣೆಯಲ್ಲಿ ಕಿಟಕಿಯನ್ನೆಲ್ಲ ಹೊಸದಾಗಿ ಬರೆದೆವು. ಮಂತ್ರಿ ಮಂತ್ರಿಯಾದ.

ನಡೆಗಳನ್ನು ಬರೆದಿಡುವುದಕ್ಕೂ ಕನ್ನಡ ಅನುಕೂಲವೇ ಆಯಿತು. ಇಂಗ್ಲಿಷಿನಲ್ಲಿ ಕಿಂಗೂ ನೈಟೂ ಒಂದೇ ಅಕ್ಷರದಿಂದ ಆರಂಭವಾಗುವುದರಿಂದ ಕುದುರೆಗೆ ಎರಡನೆಯ ಅಕ್ಷರ ಹುಡುಕಬೇಕು. ನಮ್ಮಲ್ಲಿ ರಾ, ಮಂ, ಆ, ಒಂ, ಕು – ಜಗಳವೇ ಇಲ್ಲ. ಎಂಟು ಸಾಲುಗಳಿಗೆ ಕ ಖ ಗ ಘ ಚ ಛ ಜ ಝ ಎಂದು ಹೆಸರಿಟ್ಟೆವು. ಮೈಸೂರಿನವರು ಮೂಲೆಯ ಕಾಯಿ ಆನೆಯಲ್ಲ, ರಥ ಎಂದು ಎರಡು ಸಂಜೆ ವಾದಿಸಿದರು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿ ಓಡಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನವರಲ್ಲವೇ, ಹೆಮ್ಮೆ ಸಹಜ. ಮಾಸ್ತರರು ಆನೆ ಎಂದರು, ಆನೆಯೇ ಉಳಿಯಿತು.

ಕಳೆದ ಗಣೇಶ ಚೌತಿಯ ಮರುದಿನ ಯಂತ್ರವನ್ನು ಅವರ ಮುಂದಿಟ್ಟೆವು. ಅಕ್ಷರಗಳು ಹೆಬ್ಬೆರಳಿನಷ್ಟು ದೊಡ್ಡವು. ಒಂದು ಗುಂಡಿ ಒತ್ತಿದರೆ ಹಳೆಯ ಒಂದು ಹೆಜ್ಜೆಯ ಆಟ. ಅವರು ಐದು ಆಟ ಆಡಿ ಮೂರು ಗೆದ್ದರು, ಎರಡು ಸೋತರು. ನಾವು ಹಿಗ್ಗಿದೆವು. ಹೇಗಿದೆ ಎಂದು ಕೇಳಿದೆವು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು: “ಆಟ ಛಲೋ ಅದ. ಆದರ ಇದಕ್ಕ ಸೋತರ ಸಿಟ್ಟು ಬರೂದಿಲ್ಲ. ಅಂವ ಸೋತ್ರ ಎರಡು ದಿನ ನನ್ನ ಕೂಡ ಮಾತು ಬಿಡ್ತಿದ್ದ.”

ಅದಕ್ಕೆ ನಾವು ಏನು ಹೇಳಬಹುದಾಗಿತ್ತು? ಸಿಟ್ಟಿಗೆ ಪ್ರೋಗ್ರಾಮು ಬರೆಯಲು ಬರುವುದಿಲ್ಲ. ಎರಡು ವರ್ಷದ ಕೆಲಸ ಎಲ್ಲಿ ಕೊರತೆಬಿದ್ದಿತೆಂದು ಆ ಮಾತಿನಲ್ಲಿ ತಿಳಿಯಿತು. ಈ ಕೊರತೆಗೆ ನಮ್ಮ ಯಾವ ಸೂತ್ರವೂ ನಾಟಲಿಲ್ಲ.

ಆದರೂ ಯಂತ್ರ ಕಿಟಕಿಯ ಬಳಿಯೇ ಉಳಿಯಿತು. ಯುಗಾದಿಯ ಆ ಹುಡುಗ ಅದನ್ನು ಇನ್ನೊಮ್ಮೆ ಕೆಡಿಸಬಹುದೇ ಎಂದು ನೋಡಲು ಬರತೊಡಗಿದ. ಅವನ ತಂಗಿಯೂ ಜೊತೆಗೆ ಬಂದಳು. ತೆರೆಯ ಮೇಲೆ ‘ಕು ಛ ೩’ ಎಂದು ಮೂಡಿದರೆ ಓದಲು ಬರುವುದಿಲ್ಲ, ಮಾಸ್ತರರನ್ನು ಕೇಳಬೇಕು. ಅವರು ಹೇಳಿಕೊಟ್ಟರು. ಈಗ ಆ ಹುಡುಗಿಗೆ ಎಂಟು ಸಾಲಿನ ಎಂಟು ಅಕ್ಷರಗಳು ಬರುತ್ತವೆ. ಛ ಮಾತ್ರ ಇನ್ನೂ ಚ ಆಗುತ್ತದೆ. ಕಳೆದ ವಾರ ಯಂತ್ರ ಆರಿಸಿ, ಮರದ ಹಲಗೆ ಹರಡಿ, ಮಾಸ್ತರರೊಡನೆ ಆಡಿ ಸೋತಳು. ಸೋತು ಕಾಯಿಗಳನ್ನೆಲ್ಲ ಕೆಡವಿ ಮುಖ ಊದಿಸಿಕೊಂಡು ಹೊರಟಳು. ಮಾಸ್ತರರ ಮುಖದಲ್ಲಿ ಅಂಥ ಸಂತೋಷವನ್ನು ನಾವು ನಾಲ್ಕು ವರ್ಷಗಳಲ್ಲಿ ಕಂಡಿರಲಿಲ್ಲ.

ಲೆಕ್ಕ ಒಪ್ಪಿಸಿದ್ದಾಯಿತು. ವಿದ್ಯುತ್ತಿನ ಖರ್ಚನ್ನು ಸಂಘವು ಮನ್ನಿಸಬೇಕೆಂದು ಪ್ರಾರ್ಥನೆ. ಪ್ರೋಗ್ರಾಮಿನ ಪ್ರತಿ ಬೇಕಾದವರಿಗೆ ಪುಕ್ಕಟೆಯಾಗಿ ಕೊಡುತ್ತೇವೆ. ತಪ್ಪು ಕಂಡರೆ ತಿಳಿಸಬೇಕು, ಸಭೆಯಲ್ಲಿ ಕೂಗಬಾರದು. ಸಂಜೆ ಐದಕ್ಕೆ ಕಿಟಕಿಯ ಬಳಿ ಎರಡು ಕುರ್ಚಿಗಳಿರುತ್ತವೆ. ಮಕ್ಕಳನ್ನು ಕಳುಹಿಸಿ, ಸೋತರೆ ಸಿಟ್ಟಾಗುವ ಮಕ್ಕಳಾದರೆ ಇನ್ನೂ ಒಳ್ಳೆಯದು.