ಬುಟ್ಟಿಗೇಕೆ ಚೌಕಾಸಿ?

ಕಲೆ ಅಂದ್ರೆ ಗೋಡೆಗೆ ತೂಗಿದ ಚಿತ್ರ ಅಂತ ನಮಗೆ ಕಲಿಸಿದ್ದಾರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ದೊಡ್ಡ ಚಿತ್ರಕಾರರು. ದುಡಿಯುವ ಜನರನ್ನೂ ಬರೆದರು. ಅದನ್ನು ಗೌರವಿಸೋಣ. ಆದರೆ ಕಾಪು, ಕಾರ್ಕಳದ ಕೋಲಗಳಲ್ಲಿ ತನ್ನ ಮುಖದ ಮೇಲೇ ಅರದಾಳ, ಕಾಡಿಗೆಯಲ್ಲಿ ದೈವವನ್ನು ಬರೆದುಕೊಳ್ಳುವ ನಲಿಕೆಯವನು, ಪಂಬದ, ಪರವ ಯಾರು? ಅವನೂ ಚಿತ್ರಕಾರನೇ. ಬೆಳಗಾದರೆ ತೊಳೆದುಹೋಗುವ ಆ ಚಿತ್ರಕ್ಕೆ ಸಹಿಯಿಲ್ಲ, ಮಾರಾಟವಿಲ್ಲ. ರಾತ್ರಿ ಕೈಮುಗಿದವರೇ ಹಗಲು ಅವನನ್ನು ಅಂಗಳದಾಚೆ ನಿಲ್ಲಿಸಿದರು.

ಕಾಡಬಳ್ಳಿಯಲ್ಲಿ ಕೊರಗರು ಹೆಣೆದ ಬುಟ್ಟಿ ನೋಡಿ. ಕೈಯಳತೆಯಲ್ಲೇ ಬಂದ ಆ ದುಂಡು ಯಾವ ಚಿತ್ರದ ಗೆರೆಗೆ ಕಮ್ಮಿ? ಚಿತ್ರಕ್ಕೆ ಹೇಳಿದಷ್ಟು ಕೊಡುವವರು ಬುಟ್ಟಿಗೆ ಚೌಕಾಸಿ ಮಾಡ್ತಾರೆ. ಆ ಜನಕ್ಕೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯಿತ್ತು. ಅದನ್ನು ನಿಷೇಧಿಸುವ ಕಾನೂನಿಗೆ 2000ನೇ ಇಸವಿ ಬರಬೇಕಾಯ್ತು. ಕೈಯ ಕೆಲಸ ಬೇಕು, ಕೈ ಬೇಡ!

ಹಾಸ್ಟೆಲಿನ ಗೆಳೆಯರೇ, ಕಲೆ ಸವಿಯೋದು ಅಂದ್ರೆ ಬರೀ ‘ಚೆಂದ’ ಅನ್ನೋದಲ್ಲ. ಯಾರ ಕೈ, ಎಷ್ಟು ದಿನ, ಎಷ್ಟು ಕೂಲಿ ಅಂತ ಕೇಳಬೇಕು. ನಮ್ಮಲ್ಲಿ ಚಿತ್ರ ಬರೆಯುವವರು ಬೆಲೆ ಹೇಳಲು ನಾಚಬಾರದು. ಮೊದಲು ನಾವೇ ಬುಟ್ಟಿಗೆ ಚೌಕಾಸಿ ನಿಲ್ಲಿಸೋಣ.

ಜೈ ಭೀಮ್.