ಬೂತಾಯಿ ಮರಳಿ ಬಂದಿದೆ. ಕಾಯುವ ಹೊರೆ ಯಾರದು?

(ಕೃಷ್ಣರಾಜಪೇಟೆಯಲ್ಲಿ ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೃಷ್ಣರಾಜಪೇಟೆಯಲ್ಲಿ ನಿಂತು ಕಡಲ ಮೀನಿನ ಮಾತೆತ್ತಿದರೆ ನಗುವವರುಂಟು. ನಮ್ಮ ಹೇಮಾವತಿ ಕಾವೇರಿಯನ್ನು ಕೂಡಿ ಪೂರ್ವದ ಕಡಲಿಗೆ ಹೋಗುತ್ತಾಳೆ. ನಾವು ಹೇಳಹೊರಟ ಮೀನು ಇರುವುದು ಪಶ್ಚಿಮದ ಕಡಲಿನಲ್ಲಿ. ಆದರೆ ಘಟ್ಟ ಹತ್ತಿ ಬರುವ ಮೀನಿನಲ್ಲಿ ಬಡವನ ಕೈಗೆಟಕುವುದು ಇದೇ. ಅಂಜಲ್ ತಿನ್ನುವವರು ಬೇರೆ, ಬೂತಾಯಿ ತಿನ್ನುವವರು ಬೇರೆ. ಆದ್ದರಿಂದ ಇದು ನಮ್ಮ ಮಾತೂ ಹೌದು.

ಮಂಗಳೂರಿನವರು ಬೂತಾಯಿ ಎನ್ನುವ ಈ ಮೀನು ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ಯೂರೋಪಿನವರ ಹೆರಿಂಗ್ ಮೀನಿನ ಬಳಗಕ್ಕೆ ಸೇರಿದ್ದು. ಒಂದು ಗೇಣಿನಷ್ಟು ಉದ್ದ, ಎರಡು ಮೂರು ವರ್ಷದ ಆಯುಸ್ಸು. ಮುಂಗಾರಿನಲ್ಲಿ ಕಡಲ ತಳದ ತಣ್ಣೀರು ಮೇಲೇಳುತ್ತದೆ. ಅದರೊಡನೆ ಸಾರವೂ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ನೀರ ತುಂಬ ಬೆಳೆಯುತ್ತವೆ. ಬೂತಾಯಿ ಅವನ್ನು ತಿಂದು ಕೊಬ್ಬುತ್ತದೆ. ಅದೇ ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಬೂತಾಯಿಯನ್ನು ಅಂಜಲ್, ಕೇದರ, ಶಾರ್ಕ್, ಡಾಲ್ಫಿನ್, ಕಡಲ ಹಕ್ಕಿ ಎಲ್ಲವೂ ತಿನ್ನುತ್ತವೆ. ಹುಲ್ಲು ಮೇಯ್ದು ಹಾಲು ಕೊಡುವ ಹಸುವಿನಂತೆ ಇದು ನೀರಿನ ಹಸುರನ್ನು ಆಹಾರವಾಗಿ ಮಾಡಿ ಕೊಡುತ್ತದೆ. ಬೂತಾಯಿ ಹೋದರೆ ಹೋಗುವುದು ಅದೊಂದೇ ಅಲ್ಲ, ಅದನ್ನು ನಂಬಿದ ದೊಡ್ಡ ಮೀನಿಗೂ ಉಪವಾಸ.

ಹಾಗೆ ಅದು ಹೋದದ್ದೂ ಉಂಟು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಹಿಡಿದರು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. ನೂರು ಬುಟ್ಟಿ ಇದ್ದಲ್ಲಿ ಒಂದು ಬುಟ್ಟಿಯೂ ಇಲ್ಲ! ಕಡಲು ಒಂದೇ, ಮೀನು ಒಂದೇ. ಮಲ್ಪೆ ಮಂಗಳೂರುಗಳೂ ಆ ಬರವನ್ನು ಕಂಡವು. 2022ರಿಂದ ಮೀನು ಮರಳತೊಡಗಿತು. 2023ರಲ್ಲಿ ಕೇರಳದ ಲೆಕ್ಕ ಮತ್ತೆ ಒಂದು ಲಕ್ಷ ಟನ್ನು ದಾಟಿತು.

ಏಕೆ ಹೋಯಿತು? 1947ರಲ್ಲಿ ಸ್ಥಾಪನೆಯಾದ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ತಜ್ಞರು ಎರಡು ಕಾರಣ ಹೇಳಿದ್ದಾರೆ. ಒಂದು, 2015ರ ಎಲ್ ನಿನೊ, ಅಂದರೆ ದೂರದ ಪೆಸಿಫಿಕ್ ಸಾಗರ ಕಾಯ್ದು ನಮ್ಮ ಕಡಲಿನ ಹದವನ್ನೂ ಕೆಡಿಸಿದ್ದು. ಇನ್ನೊಂದು, ಅದಕ್ಕೂ ಮೊದಲೇ ಮಿತಿಮೀರಿ ಹಿಡಿದದ್ದು, ಮರಿಗಳನ್ನೂ ಬಿಡದೆ ಬಾಚಿದ್ದು. ಮೊದಲನೆಯದು ನಮ್ಮ ಕೈಮೀರಿದ್ದು. ಎರಡನೆಯದು ಮನುಷ್ಯನ ಕೈಯಿಂದಲೇ ಆದದ್ದು. ಬಿತ್ತನೆಯ ಭತ್ತವನ್ನೇ ಬೇಯಿಸಿ ಉಂಡವನ ಗದ್ದೆಯಲ್ಲಿ ಏನು ಬೆಳೆದೀತು?

ಈ ಕೈ ಯಾರದು ಎಂಬುದನ್ನೂ ನೋಡೋಣ. ಹಿಂದೆ ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಇತ್ತು. ಹತ್ತಾರು ಮಂದಿ ಒಟ್ಟಾಗಿ ದಡದಿಂದ ಎಳೆದು, ಬಂದದ್ದನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂತು. ಮೀನಿನ ಹಿಂಡು ದಡ ಸೇರುವ ಮೊದಲೇ ಬಲೆಯೊಳಗೆ ಸೇರಿತು. ರಂಪಣಿಯವರ ಬದುಕು ಕಳಚಿಬಿತ್ತು. ಮೇಲೆ ಮೀನಿನ ಹಿಟ್ಟಿನ ಕಾರ್ಖಾನೆಗಳೆದ್ದವು. ಒಂದು ಕಿಲೋ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಆ ಹಿಟ್ಟು ಸೀಗಡಿಗೆ, ಕೋಳಿಗೆ ಮೇವು. ಬಡವನ ತಟ್ಟೆಗೆ ಬರಬೇಕಾದ ಮೀನು ಹೀಗೆ ಉಳ್ಳವರ ತಟ್ಟೆಯ ಸೀಗಡಿಗೆ ಮೇವಾಯಿತು.

ಹೋದ ಮೀನು ಮರಳಿ ಬರಲು ಸಾಧ್ಯವೇ? ಸಾಧ್ಯ. ನಾರ್ವೆಯ ಹೆರಿಂಗ್ 1960ರ ದಶಕದ ಕೊನೆಗೆ ಬಹುತೇಕ ನಿರ್ನಾಮವಾಗಿತ್ತು. ಹಿಡಿಯುವುದನ್ನು ಬಿಗಿಯಾಗಿ ತಡೆದರು. ಅದು ಚೇತರಿಸಿಕೊಳ್ಳಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಉತ್ತರ ಸಮುದ್ರದಲ್ಲಿ 1977ರಲ್ಲಿ ಹೆರಿಂಗ್ ಬೇಟೆಯನ್ನೇ ನಿಲ್ಲಿಸಿ, 1980ರ ದಶಕದ ಮೊದಲ ವರ್ಷಗಳಲ್ಲಿ ಮತ್ತೆ ತೆರೆದರು. ನಮ್ಮ ಬೂತಾಯಿ ಬೇಗ ಬೆಳೆಯುವ ಮೀನು, ಒಂದು ವರ್ಷದಲ್ಲೇ ಮೊಟ್ಟೆಗೆ ಬರುತ್ತದೆ. ಅದಕ್ಕೆ ಅಷ್ಟು ಕಾಲ ಬೇಡ. ಆದರೆ ಮರಿ ತಾಯಾಗುವವರೆಗಾದರೂ ಬಿಡಬೇಕು.

ಇಲ್ಲಿಯೇ ನಮ್ಮ ಮುಖ್ಯ ಪ್ರಶ್ನೆ ಬರುತ್ತದೆ. ಬಿಡಬೇಕೆಂಬುದು ಸರಿ, ಬಿಟ್ಟ ದಿನಗಳಲ್ಲಿ ಬಲೆಯವನು ಏನು ಉಣ್ಣಬೇಕು? ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದಾಗ, 1940ರ ದಶಕದಲ್ಲಿ, ಅಲ್ಲಿನ ಸರ್ಕಾರ ಮರಿ ಬೂತಾಯಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಜಾರಿ ಮಾಡಲಾಗದೆ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಹಸಿದ ಹೊಟ್ಟೆಯ ಮುಂದೆ ಬರಿಯ ಕಾಗದದ ಕಟ್ಟಳೆ ನಿಲ್ಲುವುದಿಲ್ಲ.

ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಒಳ್ಳೆಯ ನಿಯಮ. ಆದರೆ ಉಳಿತಾಯ ಪರಿಹಾರ ಯೋಜನೆಯಲ್ಲಿ ಬಡ ಮೀನುಗಾರನಿಗೆ ಸಿಗುತ್ತಾ ಬಂದದ್ದೆಷ್ಟು? ಅವನದೇ 1,500 ರೂಪಾಯಿ, ಸರ್ಕಾರದ 3,000, ಒಟ್ಟು 4,500. ಇದನ್ನು ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,500. ಸಕ್ಕರೆ ಗಿರಣಿಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಹಂಗಾಮಿ ಕಾರ್ಮಿಕನ ಮನೆಯ ಸ್ಥಿತಿ ಏನೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಕಡಲ ಕಾರ್ಮಿಕನ ಮಳೆಗಾಲವೂ ಅಂಥದೇ.

ಆದ್ದರಿಂದ ನಾವು ಕೇಳುವುದು ಮೂರು. ಬಲೆ ಮಡಚಿಟ್ಟ ದಿನಗಳಿಗೆ ಕೂಲಿಯ ಲೆಕ್ಕದಲ್ಲಿ ಪರಿಹಾರ ಕೊಡಿ. ಅದನ್ನು ದೋಣಿಯ ಧಣಿಗೆ ಮಾತ್ರವಲ್ಲ, ಬಲೆಯೆಳೆಯುವವನಿಗೂ ಬುಟ್ಟಿ ಹೊರುವ ಹೆಂಗಸಿಗೂ ಕೊಡಿ. ಮರಿಮೀನನ್ನು ಬಡವನ ಬುಟ್ಟಿಯಲ್ಲಿ ಹುಡುಕುವ ಮೊದಲು ಹಿಟ್ಟಿನ ಕಾರ್ಖಾನೆಯ ಬಾಗಿಲಲ್ಲಿ ತಡೆಯಿರಿ. ತಿನ್ನಲು ಯೋಗ್ಯವಾದ ಮೀನು ಮೊದಲು ಮನುಷ್ಯನಿಗೆ ಸಿಗಲಿ.

ವರ್ತಕ ಮಿತ್ರರಲ್ಲಿ ಒಂದು ಮಾತು. ಬೆರಳುದ್ದದ ಮರಿ ಪೆಟ್ಟಿಗೆಯಲ್ಲಿ ಬಂದರೆ ಕೊಳ್ಳಬೇಡಿ. ಇಂದು ಅದರಲ್ಲಿ ನಾಲ್ಕು ಕಾಸು ಸಿಕ್ಕೀತು. ನಾಳೆ ಪೆಟ್ಟಿಗೆಯೇ ಬರಲಾರದು. ಕಡಲು ಸಾಲ ಕೊಟ್ಟಿದೆ. ತೀರಿಸುವಾಗ ಹೊರೆ ಒಬ್ಬನ ತಲೆಯ ಮೇಲೆ ಬೀಳದಿರಲಿ.