ಓಣಿಯವರೆಲ್ಲ ಕೂಡಿ ಹೋದ ದಿನ



ಶ್ರಾವಣ ಹೊಕ್ಕಿತೆಂದರೆ ಹುಬ್ಬಳ್ಳಿ-ಧಾರವಾಡದ ಬಸ್ಸುಗಳಲ್ಲಿ ಬೆಳಗಿನ ಏಳು ಗಂಟೆಗೇ ಇಳಕಲ್ ಸೀರೆಗಳು ತುಂಬಿಕೊಳ್ಳುತ್ತವೆ. ಒಂದು ಕೈಯಲ್ಲಿ ಕಾಯಿ-ಕರ್ಪೂರದ ಚೀಲ, ಇನ್ನೊಂದು ಕೈಯಲ್ಲಿ ಬುತ್ತಿಗಂಟು. ಕುಂದಗೋಳ, ನವಲಗುಂದ, ಕಲಘಟಗಿ, ಶಿಗ್ಗಾವಿ ಕಡೆಯ ಹಳ್ಳಿಗಳಿಂದ ಐದು ಮಂದಿ, ಹತ್ತು ಮಂದಿ ಕೂಡಿಕೊಂಡು ಬಂದ ಹೆಣ್ಣುಮಕ್ಕಳು. ಸಿದ್ಧಾರೂಢಜ್ಜನ ಮಠ, ಉಣಕಲ್, ಮುರುಘಾಮಠ, ನುಗ್ಗಿಕೇರಿ ಹನುಮಪ್ಪ, ಸೋಮೇಶ್ವರ ಎಂದು ಬೆರಳು ಮಡಚುತ್ತ ದಿನದ ಲೆಕ್ಕ ಹಾಕಿಕೊಂಡಿರುತ್ತಾರೆ. ಸಂಜೆ ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ, ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ದುಡ್ಡು ಉಳಿದ ಮೇಲೆ ಈ ಗುಂಪುಗಳು ಹೆಚ್ಚಾದವು. ಅದರ ಜೊತೆಗೇ ಒಂದು ಮಾತೂ ಹುಟ್ಟಿಕೊಂಡಿತು. "ಬಿಟ್ಟಿ ಬಸ್ ಸಿಕ್ಕೈತಿ, ತಿರಗಾಕ ಹತ್ಯಾರ. ಇದೇನ್ ಭಕ್ತಿಯೋ, ಮೋಜೋ?" ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಈ ಮಾತು ಈಗಲೂ ಕಿವಿಗೆ ಬೀಳುತ್ತದೆ. ಇವತ್ತು ನಾನು ಈ ಮಾತನ್ನೇ ಹಿಡಿದು ನಾಲ್ಕು ವಿಚಾರ ಹೇಳಬೇಕೆಂದು ಬಂದಿದ್ದೇನೆ. ಯಾಕೆಂದರೆ ಭಕ್ತಿ ಒಂದು ಕಡೆ, ತಿರುಗಾಟ ಇನ್ನೊಂದು ಕಡೆ ಎಂದು ನಮ್ಮ ಸೀಮೆಯಲ್ಲಿ ಯಾರೂ ಯಾವತ್ತೂ ಗೆರೆ ಎಳೆದಿರಲಿಲ್ಲ.

ಉಳವಿ ಚನ್ನಬಸವಣ್ಣನ ಜಾತ್ರೆಯನ್ನೇ ನೋಡಿರಿ. ಧಾರವಾಡ ಸುತ್ತಿನ ರೈತರು ಎತ್ತುಗಳನ್ನು ಸಿಂಗರಿಸಿ ಚಕ್ಕಡಿ ಹೂಡಿಕೊಂಡು ಆ ಕಾಡಿನ ಹಾದಿ ಹಿಡಿಯುತ್ತಾರೆ. ಹಾದಿಯಲ್ಲಿ ಗಿಡದ ಬುಡಕ್ಕೆ ಒಲೆ ಹೂಡುವುದು, ರಾತ್ರಿ ಹಾಡುವುದು, ಹೊಳೆ ಕಂಡಲ್ಲಿ ಇಳಿದು ಮೈತೊಳೆಯುವುದು. ಇದರಲ್ಲಿ ಯಾವುದು ಜಾತ್ರೆ, ಯಾವುದು ಮೋಜು? ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರೂ ಹಾಗೆಯೇ. ದೇವರ ಮುಂದೆ ನಿಲ್ಲುವುದು ಒಂದು ಗಳಿಗೆ. ಉಳಿದ ದಿನವೆಲ್ಲ ಹಾದಿಯದು, ಜೊತೆಗಾರರದು.

ಇನ್ನೊಂದು ವಿಚಾರ. ಗಂಡಸಿಗೆ ಮನೆ ಬಿಟ್ಟು ಹೊರಗೆ ಹೋಗಲು ಕಾರಣ ಬೇಕಾಗಿಲ್ಲ. ಸಂತೆ ಇದೆ, ಕಟ್ಟೆ ಇದೆ, ಚಹಾ ಇದೆ. ಹೆಣ್ಣುಮಕ್ಕಳಿಗೆ ಹಾಗಲ್ಲ. ತವರುಮನೆ, ಬಾಣಂತನ, ಮದುವೆ, ಸತ್ತ ಮನೆ, ಇವಿಷ್ಟೇ ಅವರ ಹಾದಿ. ಎಲ್ಲ ಕಡೆಯೂ ಹೋದ ಮೇಲೆ ಮತ್ತೆ ಕೆಲಸವೇ. ಗುಡಿಗೆ ಹೋಗ್ತೀನಿ ಅಂದರೆ ಮಾತ್ರ ಯಾವ ಮನೆಯಲ್ಲೂ ಯಾರೂ ಬೇಡ ಅನ್ನುವುದಿಲ್ಲ. ಎಷ್ಟೋ ತಲೆಮಾರು ನಮ್ಮ ಅವ್ವಂದಿರಿಗೆ ಹೊರಗಿನ ಗಾಳಿ ಕೊಟ್ಟವನು ದೇವರೇ. ಅದು ಅವನ ದೊಡ್ಡ ಉಪಕಾರ ಎಂದು ನಾನು ಮನಸಾರೆ ನಂಬಿದ್ದೇನೆ.

ನಮ್ಮ ಓಣಿಯ ಹೆಣ್ಣುಮಕ್ಕಳು ಶ್ರಾವಣದಲ್ಲಿ ಹೀಗೆ ಹೊರಟಾಗ ನಾನೂ ಅವರ ಜೊತೆ ಹೋಗಿದ್ದೆ. ನಮ್ಮದು ಹಳೇ ಹುಬ್ಬಳ್ಳಿ. ಎಲ್ಲಿಗೇ ಹೋಗಲಿ, ಮೊದಲು ಸಿದ್ಧಾರೂಢಜ್ಜನಿಗೆ ಹೇಳಿ ಹೋಗುವುದು ನಮ್ಮವರ ಪದ್ಧತಿ. ಸಿದ್ಧಾರೂಢರು 1929ರಲ್ಲಿ ದೇಹ ಬಿಟ್ಟದ್ದು ಶ್ರಾವಣದಲ್ಲಿಯೇ. ಹಾಗಾಗಿ ಈ ತಿಂಗಳು ಮಠದಲ್ಲಿ ಪುಣ್ಯತಿಥಿ, ಕೆರೆಯಲ್ಲಿ ತೆಪ್ಪದ ತೇರು. ಜಾತಿ-ಮತ ಕೇಳದೆ ಬಂದವರಿಗೆಲ್ಲ 'ಓಂ ನಮಃ ಶಿವಾಯ' ಎಂಬ ಮಂತ್ರ ಕೊಟ್ಟ ಗುರು ಅವರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಕಬೀರದಾಸರೆಂಬವರು ಅವರ ಶಿಷ್ಯರು, ಶಿಶುನಾಳದ ಶರೀಫಜ್ಜ ಅವರ ಕಾಲದವರು. ಇವತ್ತು ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೂ ಅವರದೇ ಹೆಸರು. 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಇರುವುದು ಅಲ್ಲಿಯೇ.

ಗದ್ದುಗೆಯ ಮುಂದೆ ನಮ್ಮ ಗುಂಪಿನ ಹಿರಿಯಾಕಿ ಕೈಮುಗಿದು ನಿಂತರು. ಬೇಡಿಕೊಳ್ಳುತ್ತಾರೆ ಅಂದುಕೊಂಡರೆ ಜಗಳ ತೆಗೆದರು. "ಏನಪಾ ಅಜ್ಜಾ, ಮೊಮ್ಮಗನ ನೌಕರಿ ವಿಚಾರ ಹೇಳಿ ವರ್ಷ ಆತು. ನಿನಗ ಮರ್ತೈತೋ ಏನ ನಾ ನೆನಪ ಮಾಡಬೇಕೋ?" ಹಿಂದೆ ಸರದಿಯಲ್ಲಿ ನಿಂತವರು ಯಾರೂ ನಗಲಿಲ್ಲ. ಸುಮ್ಮನೆ ನಿಂತು ಜಾಗ ಕೊಟ್ಟರು. ದೇವರ ಹತ್ತಿರ ಇಷ್ಟು ಸಲಿಗೆಯಿಂದ ಮಾತಾಡುವವರ ಭಕ್ತಿಯನ್ನು ಅಳೆಯುವ ಮಾಪು ಚಹಾದಂಗಡಿಯವರ ಹತ್ತಿರ ಇಲ್ಲ.

ಅಲ್ಲಿಂದ ಉಣಕಲ್ಲಿಗೆ. ಸಾದಾ ಬಸ್ಸಿಗೆ ದುಡ್ಡಿಲ್ಲ, ಏಸಿ ಇರುವ ಚಿಗರಿ ಬಸ್ಸಿಗೆ ಟಿಕೀಟು ತಗೊಳ್ಳಬೇಕು. ಇದರ ಮೇಲೆ ಒಂದಿಷ್ಟು ಚರ್ಚೆ ಆಯಿತು. ಹಿರಿಯಾಕಿಯೇ ತೀರ್ಮಾನ ಹೇಳಿದರು, "ರೊಕ್ಕ ಹೋದ್ರ ಹೋಗ್ಲಿ, ಚಿಗರ್ಯಾಗ ಹೋಗೂಣು. ಅದನ್ನೂ ನೋಡಿದಂಗ ಆತು." ಅವರಿಗೆ ಮೊಣಕಾಲು ನೋವು. ಚಿಗರಿಯ ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಎತ್ತರಕ್ಕೇ ಇರುವುದರಿಂದ ಮೆಟ್ಟಿಲು ಹತ್ತುವ ತ್ರಾಸಿಲ್ಲ. ಯಾರ ಕೈಯನ್ನೂ ಹಿಡಿಯದೆ ಅವರು ಒಳಗೆ ಕಾಲಿಟ್ಟಾಗ ಮುಖದಲ್ಲಿ ಕಂಡ ಗೆಲುವನ್ನು ನಾನು ಮರೆಯುವುದಿಲ್ಲ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಮನೆಗಳ ನಡುವೆ ಇದೆ. ಸುಮಾರು ಒಂಬತ್ತು ನೂರು ವರ್ಷದ ಹಳೆಯ ಕಟ್ಟಡ, ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ನಮ್ಮವರು ಒಬ್ಬೊಬ್ಬರು ಒಂದೊಂದು ಬಾಗಿಲಿನಿಂದ ಹೊಕ್ಕು ನಡುವೆ ಬಂದು ಕೂಡಿದರು. ಇಲ್ಲಿ ನೂಕುನುಗ್ಗಲಿಲ್ಲ, "ಮುಂದ ಸರೀರಿ, ಮುಂದ ಸರೀರಿ" ಎನ್ನುವವರಿಲ್ಲ. ಬೇಕಾದಷ್ಟು ಹೊತ್ತು ನಿಂತು ನೋಡಬಹುದು. ಒಬ್ಬ ಸೊಸೆ ಕಂಬದ ಮೇಲಿನ ಸುತ್ತುಗೆರೆಗಳ ಮೇಲೆ ಕೈಯಾಡಿಸುತ್ತ, "ಕಂಬಕ್ಕ ಮೊಣಕೈತನಕ ಬಳಿ ಏರಿಸಿದಂಗ ಐತಲ್ಲರಿ ಅಕ್ಕಾರ" ಅಂದಳು. ಕಲ್ಯಾಣ ಚಾಲುಕ್ಯರ ಕಾಲದ ಕುಶಲಿಗಳು ಬಳಪದ ಕಲ್ಲನ್ನು ತಿರುಗಣೆಗೆ ಹಾಕಿ ಕಡೆಯುತ್ತಿದ್ದರು. ಗಣಿಯಿಂದ ತೆಗೆದಾಗ ಮೆತ್ತಗಿರುವ ಆ ಕಲ್ಲು ಗಾಳಿ-ಬಿಸಿಲಿಗೆ ಬರಬರುತ್ತ ಗಟ್ಟಿಯಾಗುತ್ತದೆ. ಇದನ್ನು ಹೇಳಿದ ಮೇಲೆ ಎಲ್ಲರೂ ಒಂದೊಂದು ಕಂಬ ಹಿಡಿದು ನೋಡತೊಡಗಿದರು. ಓದು-ಬರಹ ಇಲ್ಲದವರಿಗೆ ಶಿಲ್ಪ ಏನು ತಿಳಿದೀತು ಎನ್ನುವವರು ಆಗ ಅಲ್ಲಿರಬೇಕಿತ್ತು.

ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಗಟ್ಟಿ ಮೊಸರು. ಯಾರ ಬುತ್ತಿ ಯಾರ ಕೈಗೆ ಹೋಯಿತೋ ಲೆಕ್ಕವಿಲ್ಲ. ಆಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಬೆಳಿಗ್ಗೆ ಮನೆಯಿಂದ ತುಂಬಿಕೊಂಡು ಬಂದ ನೀರಿನ ಬಾಟಲಿಗಳು ಹಾಗೇ ತುಂಬಿದ್ದವು. ಬಿಸಿಲಲ್ಲಿ ಅಷ್ಟು ತಿರುಗಿದರೂ ಗಂಟಲು ನೆನೆಸಿಕೊಂಡಿದ್ದಷ್ಟೇ ಹೊರತು ಒಬ್ಬರೂ ನೀರು ಕುಡಿದಿರಲಿಲ್ಲ. ಕಾರಣ ಕೇಳಬೇಕಾಗಿಲ್ಲ, ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಹೊರಗೆ ಬಂದಾಗ ಹೋಗಲು ಜಾಗವಿಲ್ಲ, ಇದ್ದರೂ ಹೋಗುವ ಹಾಗಿಲ್ಲ. ಗುಡಿಗಳಿಗೆ ಮಹಾದ್ವಾರ ಕಟ್ಟಿಸುವ ದಾನಿಗಳು, ಕಳಸಕ್ಕೆ ಬಂಗಾರದ ನೀರು ಕುಡಿಸುವ ಭಕ್ತರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ದಾನ ಮಾಡುವಾಗ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಕಟ್ಟಿಸಿರಿ. ಬಾಗಿಲಿಗೆ ಚಿಲಕ, ನಲ್ಲಿಯಲ್ಲಿ ನೀರು, ದಿನಾ ತೊಳೆಯುವವರಿಗೆ ತಿಂಗಳಿಗೆ ಸರಿಯಾದ ಪಗಾರ, ಇಷ್ಟು ಮಾಡಿರಿ. ದಿನವಿಡೀ ನೀರಡಿಸಿ ಬಂದ ತಾಯಂದಿರಿಗೆ ಇದಕ್ಕಿಂತ ದೊಡ್ಡ ಸೇವೆ ನನಗಂತೂ ಕಾಣುವುದಿಲ್ಲ.

ಧಾರವಾಡದಲ್ಲಿ ಮುರುಘಾಮಠ ನೋಡಿದೆವು. ಬಡ ಹುಡುಗರಿಗೆ ಅನ್ನ-ಆಶ್ರಯ ಕೊಟ್ಟು ಓದಿಸಿದ ಮೃತ್ಯುಂಜಯಪ್ಪಗಳ ಮಠ ಅದು. ಗುಂಪಿನ ಒಬ್ಬಾಕೆಯ ತಂದೆ ಅಲ್ಲಿಯ ಪ್ರಸಾದ ನಿಲಯದಲ್ಲಿ ಉಂಡು ಮಾಸ್ತರ ಆದವರಂತೆ. ಆಕೆ ಹೊಸ್ತಿಲಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಏಳಲೇ ಇಲ್ಲ. ಆಮೇಲೆ ನುಗ್ಗಿಕೇರಿ ಹನುಮಪ್ಪ. ಗದ್ದಲ ಇತ್ತು, ಬೇಗ ದರ್ಶನ ಮಾಡಿ ಹೊರಬಿದ್ದೆವು.

ಸೋಮೇಶ್ವರದಲ್ಲಿ ಮಾತ್ರ ಯಾರಿಗೂ ಏಳಲು ಮನಸ್ಸಾಗಲಿಲ್ಲ. ಶಾಲ್ಮಲೆ ಹುಟ್ಟುವ ಜಾಗ. ಇಲ್ಲಿಂದ ಹೊರಟ ನೀರಿಗೆ ಮುಂಜಾನೆ ನಾವು ಕೂತಿದ್ದ ಉಣಕಲ್ ಕೆರೆಯ ಕಡೆಯ ಹಳ್ಳ ಕಲಘಟಗಿ ಹತ್ತಿರ ಬಂದು ಕೂಡುತ್ತದೆ. ಅಲ್ಲಿಂದ ಮುಂದೆ ಹೆಸರು ಬೇಡ್ತಿ. ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ನಾನು ಇದನ್ನು ಹೇಳುತ್ತಿದ್ದಂತೆ ಕಲಘಟಗಿ ಕಡೆ ತವರು ಇರುವ ಸೊಸೆ ಥಟ್ಟನೆ ಎದ್ದು ನಿಂತಳು. "ಅಂದ್ರ ಇದು ನಮ್ಮ ಹೊಲದ ಬಾಜೂಕ ಹರಿಯೂ ಬೇಡ್ತಿ ಏನ್ರಿ? ಸಣ್ಣಾಕಿದ್ದಾಗ ಅದರಾಗ ಈಸಾಡೇನಿ. ಇಲ್ಲಿ ಹುಟ್ಟತೈತಿ ಅಂತ ಇವತ್ತ ಗೊತ್ತಾತು ನೋಡ್ರಿ." ಕೆಳಗಿಳಿದು ಹೋಗಿ ಬೊಗಸೆ ನೀರು ತಗೊಂಡು ಕಣ್ಣಿಗೆ ಹಚ್ಚಿಕೊಂಡಳು. ಆಕೆ ನಮಸ್ಕಾರ ಮಾಡಿದ್ದು ಸೋಮೇಶ್ವರನಿಗೋ, ತವರಿಗೋ? ಬಿಡಿಸಿ ಹೇಳು ಎಂದು ಕೇಳುವುದೇ ತಪ್ಪು.

ಲೈನ್ ಬಜಾರಿನಲ್ಲಿ ಪೇಡೆ ತಗೊಂಡೆವು. ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ ಮನೆತನದವರು ಇಲ್ಲಿ ಬಾಣಲೆ ಇಟ್ಟು ಶುರುಮಾಡಿದ ಸಿಹಿ ಇದು. ಇವತ್ತು ಧಾರವಾಡ ಪೇಡೆ ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಊರಿನ ಗುರುತು. ಎಲ್ಲರೂ ಮನೆಯ ಹುಡುಗರಿಗೆ, ಬಾಜೂ ಮನೆಯವರಿಗೆ ಎಂದು ಪೊಟ್ಟಣ ಕಟ್ಟಿಸಿದರು. ಹಿರಿಯಾಕಿ ಒಂದು ಪೇಡೆ ಬೇರೆ ತಗೊಂಡು, ಅಂಗಡಿಯ ಮುಂದೆಯೇ ನಿಂತು, ನಿಧಾನವಾಗಿ ಪೂರ್ತಿ ತಿಂದರು. ಯಾರಿಗೂ ಅರ್ಧ ಮುರಿದು ಕೊಡಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಇಂಥ ಗುಂಪುಗಳ ಪಟ್ಟಿಯಲ್ಲಿ ಇನ್ನೊಂದು ಜಾಗ ಸೇರಬೇಕು ಎಂಬುದು ನನ್ನ ಆಸೆ. ಹುಬ್ಬಳ್ಳಿಯ ಬೆಂಗೇರಿ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಅಲ್ಲಿ. ದೊಡ್ಡ ದೊಡ್ಡ ಸರ್ಕಾರಿ ಕಟ್ಟಡಗಳ ಮೇಲೆ ಹಾರುವ ಖಾದಿಯ ರಾಷ್ಟ್ರಧ್ವಜ ಅಲ್ಲಿ ತಯಾರಾಗುತ್ತದೆ. ಬಟ್ಟೆಯ ಎರಡೂ ಬದಿಗೆ ಅಶೋಕ ಚಕ್ರದ 24 ಅರೆಗಳು ಒಂದರ ಮೇಲೊಂದು ಸರಿಯಾಗಿ ಕೂಡಬೇಕು, ಹೊಲಿಗೆಯಲ್ಲಿ ಎಳೆಯಷ್ಟು ತಪ್ಪಿದರೂ ಧ್ವಜ ನಪಾಸು. ಆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ನಮ್ಮ ಹೆಣ್ಣುಮಕ್ಕಳೇ. ಚಾಲುಕ್ಯರ ಕುಶಲಿಯ ಕೈಗೆ ಬೆರಗಾದವರು ಈ ಕೈಗಳ ವಿಚಾರವನ್ನೂ ತಿಳಿಯಬೇಕು.

ತಿರುಗಿ ಬರುವಾಗ ಸಾದಾ ಬಸ್ಸು. ನವನಗರ ದಾಟುವ ಹೊತ್ತಿಗೆ ಮುಂದಿನ ತಿಂಗಳ ಮಾತು ಎದ್ದಿತು. ಒಬ್ಬರು ಲಕ್ಕುಂಡಿ ಅಂದರು, ಒಬ್ಬರು ಸವದತ್ತಿ ಅಂದರು. ಕುಂದಗೋಳದ ಶಂಭುಲಿಂಗನ ಗುಡಿ ನೋಡಿ, ಹಾಗೇ ಗಾಯಕ ಸವಾಯಿ ಗಂಧರ್ವರ ಊರನ್ನೂ ನೋಡಿದಂತಾಗುತ್ತದೆ ಎಂದು ನಾನು ಹೇಳಿದೆ. ಕಲಘಟಗಿಯ ಸೊಸೆ ಸಣ್ಣ ದನಿಯಲ್ಲಿ, "ನಾ ಮನ್ಯಾಗ ಕೇಳಿ ಹೇಳ್ತೇನ್ರಿ" ಅಂದಳು. ಕಿಟಕಿಯ ಹತ್ತಿರ ಕೂತಿದ್ದ ಹಿರಿಯಾಕಿ ತಿರುಗಿ ನೋಡಿ, "ಕೇಳೂದೇನ್ ಬಂತ ತಂಗಿ? ಹೇಳಿ ಬಾ. ನಿಮ್ಮತ್ತಿಗೆ ನಾನೂ ಬಂದು ಒಂದ್ ಮಾತ್ ಹೇಳ್ತೇನಿ. ಆಕೀನೂ ಕರಕೊಂಡ ಬಾ" ಅಂದರು. ಕುಂದಗೋಳವೇ ಗಟ್ಟಿಯಾಯಿತು.